ತೀರಿಕೊಂಡ ಆಫೀಸಿನ ಗೆಳತಿಯ ಮಣ್ಣಿಗೆ ಹೊರಟಿದ್ದೇನೆ, ಅವಳ ಹಳ್ಳಿಯಲ್ಲಿ ಮೂರು ಗಂಟೆಗೆ. ಅವಳು ಬಾಯಿ ತೆರೆದರೆ ಇಡೀ ಆಫೀಸು ನಗುತ್ತಿತ್ತು. ಅವಳನ್ನು ನೆನೆದರೆ ಅಳುವಿನ ನಡುವೆ ನಗು ಬರುತ್ತಿದೆ. ಅಲ್ಲಿ ಹೋಗಿ ಏನು ಮಾತಾಡಲಿ?

ನಗು ಬಂದರೆ ನಕ್ಕುಬಿಡಿ. ಅವಳು ಬಾಯಿ ತೆರೆದರೆ ಇಡೀ ಆಫೀಸು ನಗುತ್ತಿತ್ತು ಅಂತ ನೀವೇ ಬರೆದಿದ್ದೀರಿ. ಅಂಥವಳನ್ನು ನೆನೆಯುವಾಗ ಮುಖ ಬಿಗಿದುಕೊಂಡು ಕೂರುವುದು ಹೇಗೆ ಸಾಧ್ಯ?

ನನ್ನ ಗೆಳೆಯನೊಬ್ಬ ಧಾರವಾಡ–ಸವದತ್ತಿ ಕಡೆಯ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದ. ಹೈಸ್ಕೂಲಿನಿಂದ ನಾವು ಜೊತೆ. ರಾತ್ರಿ ಎದೆ ನೋಯ್ತದ ಅಂದವನು ಬೆಳಗಾಗುವಷ್ಟರಲ್ಲಿ ಇರಲಿಲ್ಲ. ಅವನ ಮಣ್ಣಿನ ದಿನ ನಾನು ಕಂಡದ್ದನ್ನು ಹೇಳುತ್ತೇನೆ, ನಿಮಗೆ ಉಪಯೋಗವಾದೀತು.

ಮೊದಲು ಅವನು ಎಂಥವನು ಅಂತ ಗೊತ್ತಾಗಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೇರೆ ಕಂಡಕ್ಟರುಗಳು ಅವತ್ತು ಸಿಡಿಮಿಡಿ. ಇವನು ಮಾತ್ರ ಜಾತ್ರೆಗೆ ಹೊರಟ ಹುಡುಗನ ಹಾಗೆ. "ಒಳಗ ಸರೀರಿ, ಒಳಗ ಹಾಸಿಗಿ ಹಾಸೇತಿ" ಅಂತ ಕೂಗುತ್ತಿದ್ದ. ಯಾರಾದರೂ ಜಗಳ ತೆಗೆದರೆ ಇವನು ಜೋರಾಗಿ "ಉಧೋ ಉಧೋ" ಅಂತ ಯಲ್ಲಮ್ಮನ ಜೈಕಾರ ಹಾಕುತ್ತಿದ್ದ, ಇಡೀ ಬಸ್ಸು ದನಿ ಕೂಡಿಸುತ್ತಿತ್ತು, ಜಗಳ ಅಲ್ಲಿಗೇ ಮುಳುಗುತ್ತಿತ್ತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ ಆಯಿತಲ್ಲ, ಆಗ ಎಲ್ಲರ ಆಧಾರ್ ಕಾರ್ಡ್ ನೋಡಿ ಶೂನ್ಯ ದರದ ಟಿಕೆಟ್ ಹರಿದು ಕೊಡುವ ಕೆಲಸ ಬಂತು. ಆಧಾರ್ ಫೋಟೊ ಹೇಗಿರುತ್ತವೆ ಗೊತ್ತಲ್ವಾ? "ಯವ್ವಾ, ಇದು ನೀನೋ, ನಿಮ್ಮತ್ತಿನೋ?" ಅಂತ ಇವನು ಕೇಳಿದರೆ ಅತ್ತೆ-ಸೊಸೆ ಇಬ್ಬರೂ ನಗುತ್ತಿದ್ದರು.

ಇಂಥವನ ಮನೆ ಮುಂದೆ ಅವತ್ತು ಶಾಮಿಯಾನ ಹಾಕಿದ್ದರು. ಲಿಂಗಾಯತರ ಪದ್ಧತಿಯಂತೆ ಮೀಯಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ ಕೂರಿಸಿದ್ದರು. ಭಜನೆಯವರು ಬೆಳಗಿನಿಂದ ಹಾಡುತ್ತಿದ್ದರು. ಹೆಣ ಕೂರಿಸಿ ಒಯ್ಯುವ ವಿಮಾನ ಕಟ್ಟುವವರು ಬಾಳೆದಿಂಡು ತಂದು ಇಳಿಸುತ್ತಿದ್ದರು. ಅಷ್ಟರಲ್ಲಿ ಊರಿನ ಹಿರಿಯರೊಬ್ಬರು ಮೈಕ್ ಹಿಡಿದು ಮಾತಾಡಿದರು. "ಮೃತರು ಸರಳ ಸಜ್ಜನರು, ಮಿತಭಾಷಿಗಳು" ಅಂದರು.

ಮಿತಭಾಷಿ! ನನ್ನ ಪಕ್ಕ ನಿಂತಿದ್ದ ಡ್ರೈವರ್ ಮೂಗಿಗೆ ಟವೆಲ್ ಒತ್ತಿಕೊಂಡ. ಅವನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆ ಅಂದುಕೊಂಡು ಬೆನ್ನು ಸವರಲು ಹೋದರೆ ನಗು ತಡೆಯುತ್ತಿದ್ದ. "ಇಪ್ಪತ್ತು ವರ್ಷ ನನ್ನ ಕಿವಿ ತಿಂದಾನ್ರೀ ಇಂವ" ಅಂದ. ಆಮೇಲೆ ನಿಜವಾಗಿಯೂ ಅತ್ತ.

ಪಾಪ, ಆ ಹಿರಿಯರದೂ ತಪ್ಪಿಲ್ಲ. ಸತ್ತವರ ಬಗ್ಗೆ ಮಾತಾಡಲು ಅವರ ಹತ್ತಿರ ಒಂದೇ ಭಾಷಣ ಇದೆ, ಹೆಸರು ಬದಲಿಸಿ ಎಲ್ಲರಿಗೂ ಅದನ್ನೇ ಹೇಳುತ್ತಾರೆ. ಆದರೆ ಕೇಳುವವರಿಗೆ ಕೂತಿರುವವನು ಯಾರೋ ಬೇರೆಯವನು ಅನ್ನಿಸುತ್ತದೆ. ನೀವು ಅಲ್ಲಿ ಮಾತಾಡುವುದಾದರೆ ಅವಳಿಗೆ ಮಾತ್ರ ಹೊಂದುವ ಒಂದು ಸಂಗತಿ ಹೇಳಿ, ಸಾಕು. ಟಿಫಿನ್ ಡಬ್ಬಿ ಕದ್ದದ್ದೋ, ಬಾಸ್ ದನಿಯಲ್ಲಿ ಫೋನ್ ಮಾಡಿದ್ದೋ, ಏನಾದರೂ ಇದ್ದೇ ಇರುತ್ತದೆ.

ಇನ್ನೊಂದು ನಡೆಯಿತು. ಯಾವುದೋ ಹಳ್ಳಿಯ ಅಜ್ಜ ಬಂದ. ಮನೆಯವರಿಗೆ ಪರಿಚಯವಿಲ್ಲ. ಸೀದಾ ಹೆಣದ ಮುಂದೆ ಕೂತು, ಕಿಸೆಯಿಂದ ಮುದುರಿದ ಟಿಕೆಟ್ ತೆಗೆದು ತಿರುಗಿಸಿ ತೋರಿಸಿದ. ಹಿಂದೆ ಬಾಲ್‌ಪೆನ್ನಿನಲ್ಲಿ 8 ಅಂತ ಬರೆದು ಸುತ್ತ ಗೋಲ ಹಾಕಿತ್ತು. ಚಿಲ್ಲರೆ ಇಲ್ಲದಾಗ ಕಂಡಕ್ಟರುಗಳು ಬರೆದುಕೊಡುತ್ತಾರಲ್ಲ, ಅದು. "ನನ್ನ ಎಂಟ ರೂಪಾಯಿ ಕೊಡದ ಹ್ವಾದೆಲ್ಲೋ ಮಗನ" ಅಂತ ಒಮ್ಮೆಲೇ ಜೋರಾಗಿ ಅತ್ತ. ಭಜನೆ ನಿಂತಿತು. ಗೆಳೆಯನ ಹೆಂಡತಿ, ನಾನು ವೈನಿ ಅಂತೀನಿ, ಅಜ್ಜನನ್ನೇ ನೋಡುತ್ತಿದ್ದವರು ಅಳುತ್ತಲೇ ನಕ್ಕುಬಿಟ್ಟರು. ಅವತ್ತು ಅವರ ಮುಖದಲ್ಲಿ ನಗು ಕಂಡದ್ದು ಆಗಲೇ. ಗೂಟಕ್ಕೆ ಹಾಕಿದ್ದ ಅವನ ಅಂಗಿಯ ಕಿಸೆಯಿಂದ ಚಿಲ್ಲರೆ ತೆಗೆಸಿ ಕೊಡಿಸಲು ನೋಡಿದರು. ಅಜ್ಜ ತೆಗೆದುಕೊಳ್ಳಲಿಲ್ಲ. "ಅಂವನ ಕೈಯಿಂದನ ಇಸ್ಕೋತೇನಿ" ಅಂದ.

ಒಬ್ಬರು "ಇದೇನು ನಗೋ ಹೊತ್ತಾ" ಅಂತ ಗೊಣಗಿದರು. ಗೊಣಗುವವರು ಎಲ್ಲ ಕಡೆ ಇರುತ್ತಾರೆ, ಬಿಡಿ.

ಅವನ ಕಣ್ಣಿನ ವಿಷಯವನ್ನೂ ಹೇಳಬೇಕು. 2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ ತೀರಿಕೊಂಡು, ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದ ಮೇಲೆ ಎಷ್ಟೋ ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಇವನೂ ಬರೆಸಿದ್ದ. "ನನ್ನ ಕಣ್ಣ ಹಾಕಿಸ್ಕೊಂಡಾಂವ ಬಸ್ ಹತ್ತಿದ ಕೂಡ್ಲೆ ಟಿಕೆಟ್ ಇಲ್ಲದವರನ್ನ ಹಿಡೀತಾನ ನೋಡ" ಅನ್ನುತ್ತಿದ್ದ. ಜೀವ ಹೋಗಿ ಸುಮಾರು ಆರು ತಾಸಿನೊಳಗೆ ತೆಗೆಯಬೇಕು. ವೈನಿಗೆ ಆ ಗಳಿಗೆಯಲ್ಲೂ ಅದು ನೆನಪಿತ್ತು. ಫೋನ್ ಮಾಡಿಸಿದರು, ಫ್ಯಾನ್ ಬಂದ್ ಮಾಡಿಸಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿಸಿದರು. ಬಂದವರು ಬೇಗ ಕೆಲಸ ಮುಗಿಸಿ ಹೋದರು, ಮುಖದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಅವನ ಆ ಟಿಕೆಟ್ಟಿನ ಮಾತನ್ನು ವೈನಿ ಅವತ್ತು ಬಂದವರಿಗೆಲ್ಲ ಹೇಳುತ್ತಿದ್ದರು. ನಾನೇ ಹಲವು ಸಲ ಕೇಳಿದೆ. ಹೇಳಿದಷ್ಟೂ ಅವರಿಗೆ ಉಸಿರು ಬಂದಂತೆ ಕಾಣುತ್ತಿತ್ತು.

ಹಾಗಂತ ಹೋದ ಕೂಡಲೇ ಅವಳ ಅಮ್ಮನ ಮುಂದೆ ತಮಾಷೆ ಕತೆ ಬಿಚ್ಚಬೇಡಿ. ಮೊದಲು ಸುಮ್ನೆ ಪಕ್ಕ ಕೂತುಕೊಳ್ಳಿ. "ಆಫೀಸಿನಾಗ ಹೆಂಗಿದ್ಲು ನಮ್ಮ ಹುಡುಗಿ" ಅಂತ ಅವರೇ ಕೇಳುತ್ತಾರೆ, ಬಹಳ ಸಲ ಹಾಗೇ ಆಗುತ್ತದೆ. ಮನೆಯವರಿಗೆ ಗೊತ್ತಿದ್ದದ್ದು ಮನೆಯ ಮಗಳು ಮಾತ್ರ, ಆಫೀಸಿನ ಅವಳು ನಿಮ್ಮ ಹತ್ತಿರ ಇದ್ದಾಳೆ. ಕೇಳದಿದ್ದರೆ ಅವತ್ತು ಬೇಡ, ದಿವಸ ಎಲ್ಲ ಮುಗಿದು ನೆಂಟರು ಖಾಲಿಯಾದ ಮೇಲೆ ಇನ್ನೊಮ್ಮೆ ಹೋಗಿ. ಆಗ ಮನೆಯಲ್ಲಿ ಮಾತಾಡುವವರು ಬೇಕಾಗಿರುತ್ತಾರೆ. ಅವಳು ನಿಮಗೆ ಮಾತ್ರ ಹೇಳಿದ್ದ ಗುಟ್ಟು, ಹಳೆಯ ಪ್ರೀತಿ, ಸಾಲ, ಅವೆಲ್ಲ ನಿಮ್ಮ ಹತ್ತಿರವೇ ಇರಲಿ. ಅವಳ ಫೋಟೊ, ವಿಡಿಯೊ ನಿಮ್ಮ ಫೋನಿನಲ್ಲಿದ್ದರೆ ಅಳಿಸಬೇಡಿ, ಮನೆಯವರಿಗೂ ಕಳಿಸಿ. ವಾಟ್ಸಾಪಿನ ವಾಯ್ಸ್ ಮೆಸೇಜುಗಳನ್ನು ಬೇರೆ ಕಡೆಯೂ ಉಳಿಸಿಡಿ, ಫೋನ್ ಬದಲಿಸುವಾಗ ಅವು ಹೋಗಿಬಿಡಬಹುದು.

ಮೂರು ಗಂಟೆಗೆ ಮಣ್ಣು ಅಂದಿದ್ದೀರಿ. ಹಳ್ಳಿ ಕಡೆ ಮಧ್ಯಾಹ್ನ ಬಸ್ ಕಡಿಮೆ, ಈಗಲೇ ಹೊರಡಿ.