ಬೆಂಡೋಲೆ ಕೊಟ್ಟು ಲ್ಯಾಬ್ ವಜ್ರ ತಗೊಳ್ಳೋದಾ?

ದಾವಣಗೆರೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದೂ ಕೇಳಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು: ಮಗಳ ನಿಶ್ಚಿತಾರ್ಥ ಹತ್ತಿರ ಬಂದಿದೆ. ಒಂದು ಕ್ಯಾರೆಟ್ಟಿನ ಲ್ಯಾಬ್ ವಜ್ರದ (ಗಣಿಯಿಂದ ತೆಗೆಯದೆ ಯಂತ್ರದಲ್ಲಿ ಬೆಳೆಸಿದ ವಜ್ರ) ಉಂಗುರವೇ ಬೇಕು ಅನ್ನುತ್ತಿದ್ದಾಳೆ. ಹೊಸ ಅಂಗಡಿಯೊಂದರಲ್ಲಿ ಕೇಳಿದರೆ, ‘ಎರಡೂ ಒಂದೇ ಮೇಡಂ, ಸುಮ್ನೆ ಯಾಕೆ ಜಾಸ್ತಿ ದುಡ್ಡು ಕೊಡ್ತೀರಿ’ ಎಂದರಂತೆ. ಇವರು ಮೊದಲಿನಿಂದ ಹೋಗುವ ಅಂಗಡಿಯವರು, ‘ಅದು ಡೂಪ್ಲಿಕೇಟ್, ಮುಟ್ಟಬೇಡಿ’ ಎಂದರಂತೆ. ಇಷ್ಟಕ್ಕೇ ಮುಗಿದಿಲ್ಲ. ಇವರ ಕಿವಿಯಲ್ಲಿದ್ದ ಏಳು ಕಲ್ಲಿನ ಬೆಂಡೋಲೆ ನೋಡಿ, ‘ಇದನ್ನು ಕೊಟ್ಟುಬಿಡಿ, ಉಂಗುರದ ಜೊತೆ ಇದಕ್ಕಿಂತ ದೊಡ್ಡ ಕಲ್ಲಿನ ಓಲೆ ಕೊಡ್ತೀವಿ, ಮೇಲೆ ಒಂದು ರೂಪಾಯಿ ಬೇಡ’ ಎಂದು ಹೊಸ ಅಂಗಡಿಯವರು ಆಸೆ ತೋರಿಸಿದ್ದಾರೆ. ಬೆಂಡೋಲೆ ಅತ್ತೆಯವರದು, 1960ರ ದಶಕದ ಅವರ ಮದುವೆಯ ಒಡವೆ. ‘ಯಾರ ಮಾತು ನಂಬಲಿ? ಲ್ಯಾಬಿನದು ನಿಜವಾದ ವಜ್ರವೇ? ಮುಂದೆ ಮಾರಿದರೆ ದುಡ್ಡು ಬರುತ್ತದಾ? ಮನೆಗೆ ಆಗಿಬರುತ್ತದಾ? ಬೆಂಡೋಲೆ ಕೊಟ್ಟುಬಿಡಲಾ?’ ಎಂದು ಕೇಳಿದ್ದಾರೆ.

ನಮಸ್ಕಾರ ಅಮ್ಮಾ. ನೀವು ಕೊನೆಯಲ್ಲಿ ಕೇಳಿದ್ದನ್ನು ನಾನು ಮೊದಲು ಹೇಳಿಬಿಡುತ್ತೇನೆ. ಬೆಂಡೋಲೆ ಕೊಡಬೇಡಿ.

ಕಾರಣ ಭಾವನೆಯದ್ದಲ್ಲ, ಲೆಕ್ಕದ್ದು. 1960ರ ದಶಕದಲ್ಲಿ ಆಭರಣಕ್ಕೆ ಆಗುವಂಥ ಲ್ಯಾಬ್ ವಜ್ರ ಮಾರುಕಟ್ಟೆಯಲ್ಲೇ ಇರಲಿಲ್ಲ. ವಜ್ರ ಮಾಡಿದ್ದೇವೆಂದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಸಾರಿದ್ದು 1955ರಲ್ಲಿ. ಆದರೆ ಆಗ ಬಂದದ್ದು ಉಜ್ಜಲಿಕ್ಕೆ, ಕೊರೆಯಲಿಕ್ಕೆ ಆಗುವ ಸಣ್ಣ ಹರಳು. ಹಾಗಾಗಿ ನಿಮ್ಮ ಅತ್ತೆಯವರ ಕಲ್ಲುಗಳು ವಜ್ರವೇ ಆಗಿದ್ದರೆ, ಮಧ್ಯೆ ಯಾರೂ ಕಲ್ಲು ಬದಲಾಯಿಸದೇ ಇದ್ದರೆ, ಅವು ಗಣಿಯವೇ. ಆ ಅಂಗಡಿಯವರು ದಾನ ಮಾಡಲು ಕೂತಿಲ್ಲ. ಅಪರೂಪದ ಕಲ್ಲು ತೆಗೆದುಕೊಂಡು, ಬೇಕಾದಷ್ಟು ಮಾಡಿಕೊಳ್ಳಬಹುದಾದ ಕಲ್ಲು ಕೊಡುತ್ತಿದ್ದಾರೆ. ದೊಡ್ಡ ಕಲ್ಲು ಎಂದ ಕೂಡಲೇ ನಾವು ಲಾಭ ಅಂದುಕೊಳ್ಳುತ್ತೇವೆ ಅಲ್ವಾ? ಮೋಸ ಹೋಗುವುದು ಅಲ್ಲೇ.

ಅತ್ತೆ ಅದನ್ನು ‘ಬ್ಲೂ ಜಾಗರ್’ ಕಲ್ಲು ಎನ್ನುತ್ತಿದ್ದರು ಎಂದು ಬರೆದಿದ್ದೀರಿ. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯಿಂದ ಬಂದ ಹೆಸರು ಅದು. ತುಸು ನೀಲಿ ಛಾಯೆಯ ಬಿಳಿ ವಜ್ರಕ್ಕೆ ಆ ಗಣಿ ಹೆಸರುವಾಸಿಯಾಗಿತ್ತು. ನಮ್ಮ ಕಡೆ, ತಮಿಳುನಾಡಿನ ಕಡೆ ಹಳೆ ಓಲೆ, ಮೂಗುಬೊಟ್ಟುಗಳಿಗೆ ಈ ಹೆಸರನ್ನು ಸ್ವಲ್ಪ ಧಾರಾಳವಾಗಿಯೇ ಹೇಳುತ್ತಾರೆ. ಒಂದು ಕೆಲಸ ಮಾಡಿ ನೋಡಿ. ಅಂಗಡಿಗಳಲ್ಲಿ ಖೋಟಾ ನೋಟು ನೋಡುವ ನೀಲಿ ದೀಪ ಇರುತ್ತದಲ್ಲ, ಅದರ ಕೆಳಗೆ ಕತ್ತಲಲ್ಲಿ ಬೆಂಡೋಲೆ ಹಿಡಿಯಿರಿ. ಏಳರಲ್ಲಿ ಕೆಲವು ಕಲ್ಲು ಹಾಲುನೀಲಿಯಾಗಿ ಬೆಳಗಬಹುದು, ಪಕ್ಕದ್ದು ಕಪ್ಪಗೆ ಸುಮ್ಮನಿರಬಹುದು. ಗಣಿಯ ವಜ್ರಗಳಲ್ಲಿ ನೂರಕ್ಕೆ 25ರಿಂದ 35 ಹೀಗೆ ಬೆಳಗುತ್ತವೆ. ಲ್ಯಾಬಿನವು ಹೀಗೆ ನೀಲಿಯಾಗಿ ಬೆಳಗುವುದು ಕಡಿಮೆ. ಬೆಳಗಲಿಲ್ಲ ಎಂದು ಗಾಬರಿಯಾಗಬೇಡಿ, ಗಣಿಯ ಬಹುಪಾಲು ಕಲ್ಲು ಬೆಳಗುವುದಿಲ್ಲ. ಇದು ಸುಳಿವು ಅಷ್ಟೇ, ಸಾಕ್ಷಿಯಲ್ಲ. ಸಾಕ್ಷಿ ಬೇಕಾದರೆ ರತ್ನ ಪರೀಕ್ಷೆಯ ಲ್ಯಾಬಿಗೇ ಕೊಡಬೇಕು.

ಈಗ ‘ಡೂಪ್ಲಿಕೇಟ್’ ಮಾತಿಗೆ ಬರೋಣ. ನಿಮ್ಮ ಹಳೆ ಅಂಗಡಿಯವರು ಹೇಳಿದ್ದು ತಪ್ಪು. ಬಿಳಿ ಕಲ್ಲು, ಅಮೆರಿಕನ್ ಡೈಮಂಡ್ ಎಂದು ಮಾರುವುದು ಜಿರ್ಕೋನಿಯಾ. ಅದು ಬೇರೆಯದೇ ವಸ್ತು. ಲ್ಯಾಬ್ ವಜ್ರ ಹಾಗಲ್ಲ. ಅದು ಇಂಗಾಲವೇ, ಹರಳಿನ ಜೋಡಣೆಯೂ ಅದೇ, ಗಡಸುತನವೂ ಅದೇ, ಹತ್ತಕ್ಕೆ ಹತ್ತು. ಗಣಿಯ ವಜ್ರ ನೆಲದೊಳಗೆ ಸುಮಾರು 150 ಕಿಲೋಮೀಟರ್ ಆಳದಲ್ಲಿ ನೂರಾರು ಕೋಟಿ ವರ್ಷಗಳ ಹಿಂದೆ ಆಗಿದ್ದು. ಲ್ಯಾಬಿನದು ಕೆಲವೇ ವಾರಗಳಲ್ಲಿ ಆಗುತ್ತದೆ. ಮಾಡುವ ದಾರಿ ಎರಡು. ಒಂದು, ಭೂಗರ್ಭದ ಹಾಗೆಯೇ ವಿಪರೀತ ಒತ್ತಡ ಮತ್ತು ಶಾಖ ಕೊಟ್ಟು ಇಂಗಾಲವನ್ನು ಹರಳಾಗಿಸುವುದು. ಇದಕ್ಕೆ ಎಚ್‌ಪಿಎಚ್‌ಟಿ ಎನ್ನುತ್ತಾರೆ. ಚೀನಾದ ಹೆನಾನ್ ಪ್ರಾಂತ್ಯದಲ್ಲಿ ಇದು ಹೆಚ್ಚು. ಇನ್ನೊಂದು ಸಿವಿಡಿ. ಕೋಣೆಯಂಥ ಯಂತ್ರದೊಳಗೆ ವಜ್ರದ ತೆಳು ಬಿಲ್ಲೆಯೊಂದನ್ನು ಬೀಜವಾಗಿ ಇಟ್ಟು, ಮೀಥೇನ್ ಮತ್ತು ಹೈಡ್ರೋಜನ್ ಅನಿಲವನ್ನು ವಿಪರೀತ ಶಾಖದಲ್ಲಿ ಒಡೆದು, ಪದರ ಪದರವಾಗಿ ಬೆಳೆಸುವುದು. ನಮ್ಮ ಸೂರತ್‌ನವರು ಹಿಡಿದಿರುವುದು ಮುಖ್ಯವಾಗಿ ಈ ದಾರಿ. 2023ರ ಜೂನ್‌ನಲ್ಲಿ ಪ್ರಧಾನಿ ಮೋದಿ ಆಗಿನ ಅಮೆರಿಕ ಅಧ್ಯಕ್ಷರ ಪತ್ನಿ ಜಿಲ್ ಬೈಡನ್ ಅವರಿಗೆ ಕೊಟ್ಟ 7.5 ಕ್ಯಾರೆಟ್ ವಜ್ರ ಲ್ಯಾಬಿನದೇ. ಅದೇ ವರ್ಷದ ಬಜೆಟ್ಟಿನಲ್ಲಿ ಈ ಬೀಜದ ಮೇಲಿನ ಆಮದು ಸುಂಕವನ್ನೂ ತೆಗೆದರು.

ಅಂಗಡಿಯವರು ಪೆನ್ನಿನಂಥ ಟೆಸ್ಟರ್ ಮುಟ್ಟಿಸಿ ‘ಪೀಂ’ ಅನ್ನಿಸಿ ತೋರಿಸುತ್ತಾರೆ ನೋಡಿ, ಅದು ಗಣಿಯದಕ್ಕೂ ಪೀಂ ಅನ್ನುತ್ತದೆ, ಲ್ಯಾಬಿನದಕ್ಕೂ ಪೀಂ ಅನ್ನುತ್ತದೆ. ಅದು ನೋಡುವುದು ಕಲ್ಲು ಶಾಖವನ್ನು ಎಷ್ಟು ಬೇಗ ಎಳೆದುಕೊಳ್ಳುತ್ತದೆ ಎಂದು. ಬಿಳಿ ಕಲ್ಲನ್ನು ಹಿಡಿಯಲು ಮಾತ್ರ ಸಾಕು. ಉಸಿರು ಬಿಟ್ಟು ಮಂಜು ನೋಡುವುದು, ನೀರಿಗೆ ಹಾಕುವುದು, ಇವುಗಳಿಂದಲೂ ಗಣಿಯದೋ ಲ್ಯಾಬಿನದೋ ತಿಳಿಯುವುದಿಲ್ಲ. ಗಣಿ ಯಾವುದು ಲ್ಯಾಬ್ ಯಾವುದು ಎಂದು ಬೇರೆ ಮಾಡಲು ದೊಡ್ಡ ಯಂತ್ರಗಳೇ ಬೇಕು. ಗಣಿಯ ಬಹುಪಾಲು ವಜ್ರಗಳಲ್ಲಿ ಸಾರಜನಕದ ಕಣಗಳು ಗುಂಪುಗಟ್ಟಿಕೊಂಡಿರುತ್ತವೆ. ಲ್ಯಾಬಿನವುಗಳಲ್ಲಿ ಹಾಗಿರುವುದಿಲ್ಲ. ಯಂತ್ರಗಳು ಮೊದಲು ನೋಡುವುದು ಅದನ್ನೇ.

ಹಾಗಾದರೆ ‘ಎರಡೂ ಒಂದೇ’ ಎಂದ ಹೊಸ ಅಂಗಡಿಯವರು ಸರಿಯಾ? ಬೆರಳ ಮೇಲೆ ಒಂದೇ. ಮಾರುಕಟ್ಟೆಯಲ್ಲಿ ಒಂದೇ ಅಲ್ಲ.

ಇದನ್ನು ತಿಳಿಯಲು ಒಂದು ಕಥೆ ಸಾಕು. ಗಣಿ ವಜ್ರದ ದೊಡ್ಡ ಕುಳ ಡಿ ಬಿಯರ್ಸ್ 2018ರಲ್ಲಿ ಲೈಟ್‌ಬಾಕ್ಸ್ ಎಂಬ ಹೆಸರಲ್ಲಿ ಲ್ಯಾಬ್ ವಜ್ರ ಮಾರಲು ಇಳಿಯಿತು. ಬೆಲೆ ಇಟ್ಟ ರೀತಿ ನೋಡಿ: ಕಾಲು ಕ್ಯಾರೆಟ್ಟಿಗೆ 200 ಡಾಲರ್, ಅರ್ಧಕ್ಕೆ 400, ಒಂದಕ್ಕೆ 800. ಗಣಿಯ ಕಲ್ಲಿನಲ್ಲಿ ಹೀಗೆ ಲೆಕ್ಕವೇ ಬರುವುದಿಲ್ಲ. ಅಲ್ಲಿ ದೊಡ್ಡ ಕಲ್ಲು ಅಪರೂಪ, ಆದ್ದರಿಂದ ಒಂದು ಕ್ಯಾರೆಟ್ಟಿನ ಒಂದೇ ಕಲ್ಲಿಗೆ ಕಾಲು ಕ್ಯಾರೆಟ್ಟಿನ ನಾಲ್ಕು ಕಲ್ಲಿಗಿಂತ ಎಷ್ಟೋ ಜಾಸ್ತಿ ಬೆಲೆ. ಇದು ಅಪರೂಪದ ವಸ್ತುವಲ್ಲ, ತೂಕಕ್ಕೆ ಮಾರುವ ಸರಕು ಎಂದು ಆ ಬೆಲೆಪಟ್ಟಿಯೇ ಕೂಗಿ ಹೇಳುತ್ತಿತ್ತು. ಆಮೇಲೆ ಎಲ್ಲ ಕಡೆ ಯಂತ್ರಗಳು ಹೆಚ್ಚಿದವು, ಬೆಲೆ ಕುಸಿಯುತ್ತಲೇ ಹೋಯಿತು. 2025ರಲ್ಲಿ ಡಿ ಬಿಯರ್ಸ್ ಲೈಟ್‌ಬಾಕ್ಸನ್ನು ಮುಚ್ಚುತ್ತೇನೆಂದಿತು. ಹೊಸ ಮಾಡೆಲ್ ಬಂದಂತೆ ಹಳೆ ಟೀವಿಯ ಬೆಲೆ ಇಳಿಯುವ ಹಾಗೆ ಇದೂ. ಇವತ್ತು ಕೊಟ್ಟ ದುಡ್ಡು ನಾಳೆ ವಾಪಸ್ ಬರುತ್ತದೆ ಎಂಬ ಆಸೆ ಇಟ್ಟುಕೊಳ್ಳಬೇಡಿ.

ಗಣಿಯ ವಜ್ರ ಮಾತ್ರ ಆಪದ್ಧನವೇ? ಅದೂ ಅಲ್ಲ. ಈ ಮಾತು ಅಂಗಡಿಯವರು ಹೇಳುವುದಿಲ್ಲ, ನಾನು ಹೇಳುತ್ತೇನೆ. ಗಣಿ ವಜ್ರದ ಬೆಲೆಯೂ 2022ರ ನಂತರ ಇಳಿದಿದೆ. ವಜ್ರದ ಒಡವೆ ಹಿಡಿದು ಬ್ಯಾಂಕಿಗೆ ಸಾಲಕ್ಕೆ ಹೋಗಿ ನೋಡಿ. ಕಲ್ಲಿನ ತೂಕ ಕಳೆದು, ಬರೀ ಚಿನ್ನಕ್ಕೆ ಲೆಕ್ಕ ಹಾಕುತ್ತಾರೆ. ನಿಮ್ಮ ಕಲ್ಲು ಯಾಗರ್ಸ್‌ಫಾಂಟೇನಿನದೋ ಸೂರತ್ತಿನದೋ ಅವರಿಗೆ ಬೇಕಿಲ್ಲ. ಕಷ್ಟಕಾಲಕ್ಕೆ ಇರಲಿ ಅಂತ ಒಡವೆ ಮಾಡಿಸುವುದಾದರೆ ಚಿನ್ನವನ್ನೇ ಮಾಡಿಸಿ. ವಜ್ರ ಹಾಕಿಕೊಳ್ಳುವ ಖುಷಿಗೆ. ಆ ಖುಷಿಗೆ ಎಷ್ಟು ಕೊಡಬಹುದು ಎಂಬುದಷ್ಟೇ ಪ್ರಶ್ನೆ. ಒಂದು ಕ್ಯಾರೆಟ್ಟಿನ ಕಲ್ಲಾದರೆ ಲ್ಯಾಬಿನದು ಗಣಿಯದರ ಐದನೇ ಒಂದು ಪಾಲಿಗೂ ಕಡಿಮೆಗೆ ಸಿಗುತ್ತದೆ. ಹಾಗಾಗಿ ನಿಮ್ಮ ಮಗಳು ಕೇಳಿದ್ದು ಸರಿಯಾಗಿಯೇ ಇದೆ. ತೆಗೆಸಿಕೊಡಿ, ದುಡ್ಡು ಕೊಟ್ಟು, ಬೆಂಡೋಲೆ ಕೊಟ್ಟಲ್ಲ.

ನಿಜವಾದ ಮೋಸ ಇರುವುದು ಲ್ಯಾಬ್ ವಜ್ರವನ್ನು ಗಣಿಯದು ಎಂದು ಮಾರುವುದರಲ್ಲಿ. ಒಂದು ಕ್ಯಾರೆಟ್ಟಿನ ಕಲ್ಲಿಗೆ ಸರ್ಟಿಫಿಕೇಟ್ ಇರುತ್ತದೆ, ಅಲ್ಲಿ ಮೋಸ ಮಾಡುವುದು ಕಷ್ಟ. ಅಪಾಯ ಒಂದೆರಡು ಸೆಂಟಿನ ಸಣ್ಣ ಕಲ್ಲುಗಳಲ್ಲಿ. ನೂರು ಸೆಂಟಿಗೆ ಒಂದು ಕ್ಯಾರೆಟ್. ನೆಕ್ಲೇಸಿನ ಸಾಲಿನಲ್ಲಿ ಇಂಥ ನೂರಾರು ಕಲ್ಲು ಕೂರಿಸಿರುತ್ತಾರೆ. ಒಂದೊಂದಕ್ಕೂ ಪರೀಕ್ಷೆ ಮಾಡಿಸುವುದಿಲ್ಲ, ಮಧ್ಯೆ ಹತ್ತು ಲ್ಯಾಬಿನವು ಸೇರಿಕೊಂಡರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಮಾರುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ನೆಕ್ಲೇಸ್ ತೆಗೆದುಕೊಳ್ಳುವಾಗ ‘ಸಣ್ಣ ಕಲ್ಲುಗಳನ್ನೂ ಯಂತ್ರದಲ್ಲಿ ನೋಡಿದ್ದೀರಾ?’ ಎಂದು ಕೇಳಿ. ಉತ್ತರ ಕೊಡುವಾಗ ಅವರ ಮುಖ ನೋಡಿ.

ಉಂಗುರದ ದಿನ ಏನು ಮಾಡಬೇಕು ಎಂದು ಹೇಳುತ್ತೇನೆ. ಕಲ್ಲನ್ನು ಉಂಗುರಕ್ಕೆ ಕೂರಿಸುವ ಮೊದಲೇ ಬಿಡಿಯಾಗಿ ತೋರಿಸಲು ಹೇಳಿ. ಅಂಗಡಿಯ ಲೂಪ್ (ಸಣ್ಣ ಭೂತಗನ್ನಡಿ) ಕಣ್ಣಿಗೆ ಹಚ್ಚಿ ಕಲ್ಲಿನ ನಡುವಿನ ಸುತ್ತಂಚು ನೋಡಿ, ಗರ್ಡಲ್ ಅಂತಾರೆ. ಅಲ್ಲಿ ಲೇಸರಿನಲ್ಲಿ ಸಣ್ಣಗೆ ಅಕ್ಷರ ಕೊರೆದಿರುತ್ತದೆ. ಐಜಿಐ ಎಂಬ ರತ್ನ ಪರೀಕ್ಷಾ ಸಂಸ್ಥೆ ಪರೀಕ್ಷೆ ಮಾಡಿದ ಲ್ಯಾಬ್ ವಜ್ರವಾದರೆ ನಂಬರು ‘ಎಲ್‌ಜಿ’ ಎಂದು ಶುರುವಾಗುತ್ತದೆ. ಅದೇ ನಂಬರು ಸರ್ಟಿಫಿಕೇಟಿನಲ್ಲಿದೆಯಾ, ಐಜಿಐ ವೆಬ್‌ಸೈಟಿನಲ್ಲಿ ಹಾಕಿದರೆ ಅದೇ ತೂಕ, ಅದೇ ಆಕಾರ ಬರುತ್ತದಾ ನೋಡಿಕೊಳ್ಳಿ. ‘ಡಿ ಕಲರ್, ವಿವಿಎಸ್’ (ಬಣ್ಣವೇ ಇಲ್ಲದ, ಒಳಗೆ ದೋಷ ತೀರಾ ಕಡಿಮೆ ಇರುವ ದರ್ಜೆ) ಎಂದು ಹೇಳಿ ಜಾಸ್ತಿ ಕೇಳಿದರೆ ಸೋಲಬೇಡಿ. ಲ್ಯಾಬಿನಲ್ಲಿ ಬೆಳೆದದ್ದು ಹೆಚ್ಚುಕಡಿಮೆ ಎಲ್ಲವೂ ಆ ಮೇಲಿನ ದರ್ಜೆಯಲ್ಲೇ ಇರುತ್ತವೆ. ಜಿಐಎ ಎಂಬ ಇನ್ನೊಂದು ಪರೀಕ್ಷಾ ಸಂಸ್ಥೆ 2025ರಲ್ಲಿ ಲ್ಯಾಬ್ ವಜ್ರಕ್ಕೆ ಆ ದರ್ಜೆಗಳನ್ನು ಕೊಡುವುದನ್ನೇ ಬಿಟ್ಟು, ‘ಪ್ರೀಮಿಯಂ’, ‘ಸ್ಟ್ಯಾಂಡರ್ಡ್’ ಎಂಬ ಎರಡೇ ಗುಂಪು ಮಾಡಿತು.

ಬಿಲ್ಲು ಕೈಗೆ ಬಂದ ಮೇಲೆ ಚೀಲಕ್ಕೆ ಹಾಕಿಕೊಳ್ಳಬೇಡಿ, ಅಲ್ಲೇ ಓದಿ. ಉಂಗುರದ ಒಟ್ಟು ತೂಕ 3.800 ಗ್ರಾಂ ಇದೆ ಅಂದುಕೊಳ್ಳಿ. ಒಂದು ಕ್ಯಾರೆಟ್ ಅಂದರೆ 0.200 ಗ್ರಾಂ. ಹಾಗಾಗಿ ಚಿನ್ನದ ದರ ಹಾಕಬೇಕಾದದ್ದು 3.600 ಗ್ರಾಮಿಗೆ ಮಾತ್ರ. ಇಲ್ಲದಿದ್ದರೆ ಕಲ್ಲಿಗೆ ಎರಡು ಸಲ ದುಡ್ಡು ಕೊಟ್ಟಂತೆ. ಚಿನ್ನ, ಕಲ್ಲು, ಮಜೂರಿ ಬೇರೆಬೇರೆ ಸಾಲಿನಲ್ಲಿರಲಿ. ಕಲ್ಲಿನ ಸಾಲಿನಲ್ಲಿ ‘ಲ್ಯಾಬೊರೇಟರಿ ಗ್ರೋನ್ ಡೈಮಂಡ್’ ಎಂದು ಪೂರ್ತಿ ಬರೆಸಿ. ಬರೀ ‘ಡೈಮಂಡ್’ ಎಂದರೆ ಗಣಿಯದ್ದು ಎಂದೇ ಅರ್ಥ ಎಂದು 2015ರ ಐಎಸ್‌ಒ 18323 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಸಂಖ್ಯೆ ಚಿನ್ನದ ಶುದ್ಧತೆಗೆ ಮಾತ್ರ ಜವಾಬು ಹೇಳುತ್ತದೆ, ಕಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ವಾಪಸ್ ತೆಗೆದುಕೊಳ್ಳುತ್ತೇವೆ ಎಂದರೆ ಬಾಯಿಮಾತು ಬೇಡ. ಕೊಂಡ ಬೆಲೆಗೋ ಆ ದಿನದ ಬೆಲೆಗೋ, ನಗದೋ ಬದಲಿ ಒಡವೆಯೋ, ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.

ಲ್ಯಾಬ್ ವಜ್ರ ಪರಿಸರಕ್ಕೆ ಒಳ್ಳೆಯದು ಎಂದು ಮಗಳು ವಾದ ಮಾಡಿದ್ದಾಳೆ ಎಂದಿದ್ದೀರಿ. ಗಣಿ ತೋಡುವುದಿಲ್ಲ, ಅದು ನಿಜ. ಆದರೆ ಆ ಯಂತ್ರಗಳು ವಾರಗಟ್ಟಲೆ ಕರೆಂಟು ಕುಡಿಯುತ್ತವೆ. ಕರೆಂಟು ಕಲ್ಲಿದ್ದಲಿನಿಂದ ಬಂದದ್ದಾದರೆ ‘ಹಸಿರು ವಜ್ರ’ ಎನ್ನುವುದು ಬರೀ ಜಾಹೀರಾತು. ಅತ್ತ ಬೋಟ್ಸ್ವಾನಾದಂಥ ದೇಶದ ಶಾಲೆ, ಆಸ್ಪತ್ರೆ ನಡೆಯುವುದರಲ್ಲಿ ಗಣಿ ವಜ್ರದ ದುಡ್ಡಿನ ಪಾಲು ದೊಡ್ಡದು. ಇದರಲ್ಲಿ ನಾನು ತೀರ್ಪು ಕೊಡುವುದಿಲ್ಲ.

ಆಗಿಬರುವ ಮಾತು. ವಜ್ರವನ್ನು ಕೆಲವು ದಿನ ಮನೆಯಲ್ಲಿಟ್ಟು ನೋಡಿ ಆಮೇಲೆ ಕೊಳ್ಳುವ ಪದ್ಧತಿ ನಮ್ಮಲ್ಲಿದೆ. ನಿಮಗೆ ನಂಬಿಕೆ ಇದ್ದರೆ ಇದನ್ನೂ ಹಾಗೇ ಇಟ್ಟು ನೋಡಿ. ಬೀಗರ ಮನೆಯವರಿಗೆ ಮಾತ್ರ ಮೊದಲೇ ಹೇಳಿಬಿಡಿ, ಇದು ಲ್ಯಾಬಿನದು ಎಂದು. ಆಮೇಲೆ ಅವರಿಗೆ ಬೇರೆ ಯಾರಿಂದಲೋ ಗೊತ್ತಾದರೆ ಕಲ್ಲಿನ ದೋಷಕ್ಕಿಂತ ಅದೇ ದೊಡ್ಡ ರಗಳೆ.

ಇನ್ನೊಂದು, ಉಂಗುರಕ್ಕೆ 22 ಕ್ಯಾರೆಟ್ ಚಿನ್ನ ಹಟ ಹಿಡಿಯಬೇಡಿ. ಅದು ಮೆದು. ದಿನಾ ಹಾಕುವ ಉಂಗುರದಲ್ಲಿ ಕಲ್ಲು ಹಿಡಿದ ಕೊಕ್ಕೆಗಳು ಸಡಿಲವಾಗುತ್ತವೆ. 18 ಕ್ಯಾರೆಟ್ ಮಾಡಿಸಿ, ವರ್ಷಕ್ಕೊಮ್ಮೆ ಕೊಕ್ಕೆ ನೋಡಿಸಿ. ಅದೇ ದಿನ ಬೆಂಡೋಲೆಯನ್ನೂ ತೆಗೆದುಕೊಂಡು ಹೋಗಿ ತೊಳೆಸಿ, ಆದರೆ ನಿಮ್ಮ ಕಣ್ಣೆದುರೇ ತೊಳೆಸಿ.