ನಗದೆ ಕುಳಿತ ಹುಡುಗನೂ ನಗುವ ಪದ್ಯ

ಹೊಸನಗರ ತಾಲ್ಲೂಕಿನ ಶಿಕ್ಷಕಿಯೊಬ್ಬರ ಪತ್ರ: ‘ನಾಲ್ಕನೇ ತರಗತಿಗೆ ಸಮುದಾಯದ ಪಾಠ ಮಾಡುತ್ತಿದ್ದೆ. ಸಮುದಾಯ ಎಂದರೇನು ಎಂದು ಕೇಳಿದಾಗ ಮಕ್ಕಳು ಒಬ್ಬೊಬ್ಬರಾಗಿ ತಮ್ಮ ಜಾತಿಯ ಹೆಸರು ಹೇಳತೊಡಗಿದರು. ಮಾತು ತಿರುಗಿಸಲು ಅಗಸ ಮತ್ತು ಅವನ ಕತ್ತೆಯ ಮೇಲಿನ ನಗೆಪದ್ಯವೊಂದನ್ನು ಓದಿದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಒಬ್ಬ ಹುಡುಗ ಮಾತ್ರ ತಲೆ ತಗ್ಗಿಸಿ ಕುಳಿತಿದ್ದ. ಅವನ ತಂದೆ ಪೇಟೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದಾರೆ. ಮರುದಿನ ಉಳಿದವರು ಅವನನ್ನು ಕತ್ತೆ ಎಂದೇ ಕರೆದರು. ಇನ್ನು ಪದ್ಯಗಳನ್ನು ಬಿಟ್ಟು ಪುಸ್ತಕದಲ್ಲಿ ಇರುವಷ್ಟನ್ನೇ ಓದಿಸಲೇ?’

ಸಂಪಾದಕರ ಉತ್ತರ

ಮಾನ್ಯ ಶಿಕ್ಷಕಿಯವರೇ,

ನಲವತ್ತು ಮಕ್ಕಳು ನಗುವಾಗ ನಗದ ಒಬ್ಬನನ್ನು ನೀವು ಕಂಡಿರಿ. ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಪದ್ಯಗಳನ್ನು ಬಿಡಬೇಡಿ. ಆ ಪದ್ಯವನ್ನು ಮಾತ್ರ ಬಿಡಿ.

ಮೊದಲು ಆ ಹುಡುಗನ ವಿಷಯ. ತರಗತಿಯ ಎದುರು ಅವನ ಕ್ಷಮೆ ಕೇಳಲು ಹೋಗಬೇಡಿ. ಎಲ್ಲರ ಕಣ್ಣೂ ಮತ್ತೊಮ್ಮೆ ಅವನ ಮೇಲೆ ಬೀಳುತ್ತದೆ. ಪೇಟೆಗೆ ಹೋದಾಗ ಅವನ ತಂದೆಯ ಅಂಗಡಿಗೆ ಹೋಗಿ ಐದು ನಿಮಿಷ ಕುಳಿತು ಮಾತನಾಡಿ. ನಮ್ಮ ಮಲೆನಾಡಿನ ಜಡಿಮಳೆಯಲ್ಲಿ ಬಟ್ಟೆ ಒಣಗಿಸಿ ಹೊತ್ತಿಗೆ ಸರಿಯಾಗಿ ಕೊಡುವುದು ಎಂತಹ ಪಾಡು ಎಂದು ಅವರೇ ಹೇಳಲಿ. ಆ ಮಾತಿನಲ್ಲಿ ನಗುವೂ ಇರುತ್ತದೆ. ಅದು ಅವರದೇ ನಗು. ನಿಮಗೆ ಬೇಕಾದ ಮುಂದಿನ ಪದ್ಯ ಅಲ್ಲಿಂದಲೇ ಸಿಗಬಹುದು.

ಮಕ್ಕಳು ಜಾತಿಯ ಹೆಸರು ಹೇಳಿದ್ದರಲ್ಲಿ ಅವರ ತಪ್ಪಿಲ್ಲ. ನಾವು ದೊಡ್ಡವರು ‘ಸಮುದಾಯ’ ಎಂಬ ಮಾತನ್ನು ಹಾಗೆಯೇ ಬಳಸಿ ಸವೆಸಿದ್ದೇವೆ. ಭಾಷಣಗಳಲ್ಲಿ, ಸಭೆಯ ಫಲಕಗಳಲ್ಲಿ, ಚುನಾವಣೆಯ ಲೆಕ್ಕಾಚಾರದಲ್ಲಿ ಅವರು ಕೇಳಿರುವ ಅರ್ಥವೇ ಅದು. ಆದ್ದರಿಂದ ಆ ಪದದಿಂದ ಪಾಠ ಶುರು ಮಾಡಬೇಡಿ. ‘ಮುಯ್ಯಾಳು’ ಎಂಬ ಪದದಿಂದ ಶುರು ಮಾಡಿ. ಇವತ್ತು ನಿಮ್ಮ ಗದ್ದೆಯ ನಟ್ಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿಯಿಲ್ಲ, ಕೊಟ್ಟ ದಿನಕ್ಕೆ ದಿನವೇ ತೀರುವಳಿ. ಇದು ಈಗ ಕಡಿಮೆಯಾಗಿದ್ದರೂ ಮಕ್ಕಳ ಅಜ್ಜ ಅಜ್ಜಿಯರ ಬಾಯಲ್ಲಿ ಇನ್ನೂ ಉಳಿದಿದೆ. ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿ.

ನಗೆಪದ್ಯದ ಮಾತಿಗೆ ಬರುತ್ತೇನೆ. ಮಕ್ಕಳ ಪುಟಕ್ಕೆ ಪದ್ಯ ಆರಿಸುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದರಲ್ಲಿ ಬರುವ ಮನುಷ್ಯನ ಮಗಳು ಮೊದಲ ಬೆಂಚಿನಲ್ಲಿ ಕುಳಿತು ಇದನ್ನು ಕೇಳಿದರೆ ನಗುತ್ತಾಳೆಯೇ? ನಮ್ಮ ಹಳೆಯ ಪ್ರಾಸಪದ್ಯಗಳಲ್ಲಿ ಎಷ್ಟೋ ಇಲ್ಲಿಯೇ ಸೋಲುತ್ತವೆ. ಕಸುಬಿನ ಹೆಸರು ಬಂದೊಡನೆ ಜಾತಿಯೂ ಬರುತ್ತದೆ, ಅದರ ಬಾಲ ಹಿಡಿದು ಗೇಲಿಯೂ ಬರುತ್ತದೆ. ಹಾಗಾಗದಂತೆ ಮಾಡಲು ಒಂದು ದಾರಿಯುಂಟು: ಊರಿನಲ್ಲಿ ಒಬ್ಬರು ಒಂದು ದಿನ ಇಲ್ಲದಿದ್ದರೆ ಏನೇನು ಅನಾಹುತವಾಗುತ್ತದೆ ಎಂದು ಕಲ್ಪಿಸಲು ಬಿಡಿ. ನೋಡಿ, ಹೀಗೆ:

ಅಂಚೆಯ ಅಣ್ಣನು ರಜೆಯನು ಹಾಕಲು
ಚೀಲವ ಹೊತ್ತಿತು ಕೋಳಿ;
ನೆಂಟರಿಗೊಂದೂ ಕಾಗದವಿಲ್ಲ,
ಹೇಂಟೆಗಳೆದುರೇ ತಾಳಿ!

ಇಲ್ಲಿ ಮಕ್ಕಳು ನಗುವುದು ಕೋಳಿಯ ಪೋಸ್ಟಾಫೀಸಿಗೆ, ನೆಂಟರಿಲ್ಲದ ಮದುವೆಗೆ. ಅಂಚೆಯಣ್ಣ ರಜೆ ಹಾಕಿ ಹೋಗಿದ್ದಾನೆ, ಆದರೂ ಅವನ ಬೆಲೆ ತಿಳಿಯುತ್ತದೆ. ಇನ್ನು ಲೈನ್‌ಮನ್ ಬಾರದ ಆಷಾಢದ ರಾತ್ರಿ, ಬಿಸಿಯೂಟದ ಅಕ್ಕ ಬಾರದ ಮಧ್ಯಾಹ್ನ, ಆಶಾ ಕಾರ್ಯಕರ್ತೆ ಬಾರದ ವಾರ, ಕಂಡಕ್ಟರ್ ಇಲ್ಲದೆ ಹೊರಟ ಬಸ್. ಮುಂದಿನ ಸಾಲುಗಳನ್ನು ಮಕ್ಕಳೇ ಕಟ್ಟಲಿ.

ಅಡಿಕೆಯ ಕೊನೆ (ಗೊನೆ) ಕೊಯ್ಲಿನ ಕಾಲದಲ್ಲೊಮ್ಮೆ ಸಾಗರದ ಕಡೆಯ ಶಾಲೆಯೊಂದಕ್ಕೆ ಹೋಗಿದ್ದೆ. ಅಲ್ಲಿನ ಮೇಷ್ಟರು ಅಡಿಕೆ ಮರ ಹತ್ತುವವರೊಬ್ಬರನ್ನು ತರಗತಿಗೆ ಕರೆಸಿದ್ದರು. ಮರದ ತುದಿಯಲ್ಲಿ ಚಗಳಿ ಇರುವೆಗಳು ಅಂಗಿಯೊಳಗೆ ನುಗ್ಗಿದ ಕಥೆಯನ್ನು ಅವರು ಹೇಳಿದರು. ಕೈ ಬಿಡುವಂತಿಲ್ಲ, ಕೆರೆದುಕೊಳ್ಳುವಂತಿಲ್ಲ. ಕೆಳಗೆ ಕೊನೆ ಹಿಡಿಯುವವನಿಗೆ ಇದೇನು ಕುಣಿತ ಎಂಬ ಆಶ್ಚರ್ಯ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು, ಅವರೂ ನಕ್ಕರು. ಆಮೇಲೆ ಒಬ್ಬ ಹುಡುಗಿ ‘ಮರ ಎಷ್ಟು ಎತ್ತರ ಇತ್ತು?’ ಎಂದಳು. ‘ಸುಮಾರು 50 ಅಡಿ’ ಎಂದರು. ತರಗತಿ ತಣ್ಣಗಾಯಿತು. ಕೆಳಗೆ ಇಳಿಯದೆ ಒಂದು ಮರದಿಂದ ಇನ್ನೊಂದು ಮರಕ್ಕೆ ಹಾಯುವುದನ್ನೂ, ಈಗ ಹತ್ತುವವರು ಸಿಗದೆ ನೆಲದಲ್ಲೇ ನಿಂತು ಉದ್ದನೆಯ ದೋಟಿಯಿಂದ ಕೊಯ್ಯುವುದು ಬಂದಿರುವುದನ್ನೂ ಮಕ್ಕಳು ಕೇಳಿ ಕೇಳಿ ತಿಳಿದುಕೊಂಡರು. ಆ ಪ್ರಶ್ನೆಗಳಿಗೆಲ್ಲ ಬಾಗಿಲು ತೆರೆದದ್ದು ಚಗಳಿ ಇರುವೆ. ಅಡಿಕೆ ಬೇಸಾಯದ ಪಾಠ ಓದಿಸಿ ಅಷ್ಟು ಪ್ರಶ್ನೆ ಕೇಳಿಸಲು ನನಗಂತೂ ಸಾಧ್ಯವಾಗುತ್ತಿರಲಿಲ್ಲ.

ದೊಡ್ಡ ಪದ್ಯವೇ ಬೇಕೆಂದರೆ ನಿಮ್ಮ ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇದೆ. ಮೂಲ ಕಥೆ ಜರ್ಮನಿಯ ಹ್ಯಾಮೆಲಿನ್ ಊರಿನದು, ರಾಬರ್ಟ್ ಬ್ರೌನಿಂಗ್ ಅದನ್ನು ಇಂಗ್ಲಿಷ್ ಪದ್ಯ ಮಾಡಿದ್ದ. ಕುವೆಂಪು ಅದನ್ನು ತಂದು ತುಂಗಾ ತೀರದಲ್ಲಿ ಇಳಿಸಿದರು, ಮೇಯರನ ಜಾಗದಲ್ಲಿ ಗೌಡ ಬಂದ. ಇಲಿಗಳ ಹಾವಳಿಗೆ ಮಕ್ಕಳು ನಗುವುದನ್ನು ಹೇಳಬೇಕಾಗಿಲ್ಲ. ಆದರೆ ಇಲಿಗಳು ಹೊಳೆಗೆ ಬಿದ್ದಲ್ಲಿಗೆ ಓದು ನಿಲ್ಲಿಸಬೇಡಿ. ಕೆಲಸ ಮುಗಿದ ಮೇಲೆ ಗೌಡ ಮಾತಿಗೆ ತಪ್ಪುತ್ತಾನಲ್ಲ, ಅಲ್ಲಿ ನಿಲ್ಲಿಸಿ. ಕೆಲಸ ಮಾಡಿದವನಿಗೆ ಕೊಡಬೇಕಾದದ್ದನ್ನು ಕೊಡದಿದ್ದರೆ ಊರಿಗೆ ಏನಾಗುತ್ತದೆ ಎಂದು ಮಕ್ಕಳನ್ನೇ ಕೇಳಿ. ಎಲ್ಲರೂ ಜೋಗಿಯ ಹಿಂದೆ ಹೋದಾಗ ಕಾಲು ಸರಿಯಿಲ್ಲದ ಒಬ್ಬ ಹುಡುಗ ಹಿಂದೆ ಉಳಿಯುತ್ತಾನೆ. ಅವನ ಬಗ್ಗೆ ಮಾತನಾಡಲು ಸಮಯ ಇಟ್ಟುಕೊಳ್ಳಿ. ನಿಮ್ಮ ತರಗತಿಯ ಆ ಹುಡುಗ ಅಂದು ಬಾಯಿ ಬಿಟ್ಟರೆ ನನಗೆ ಆಶ್ಚರ್ಯವಾಗುವುದಿಲ್ಲ. ಬಿಡದಿದ್ದರೆ ಒತ್ತಾಯಿಸಬೇಡಿ.

ನಮ್ಮ ದೀಪಾವಳಿ ಸಂಚಿಕೆಯ ಮಕ್ಕಳ ಪುಟವನ್ನು ನಿಮ್ಮ ತರಗತಿಗೆ ಕಾಯ್ದಿರಿಸಿದ್ದೇನೆ. ‘ಇವರು ಇಲ್ಲದ ದಿನ’ ಎಂಬ ವಿಷಯದ ಮೇಲೆ ನಾಲ್ಕು ಸಾಲಿನ ಪದ್ಯಗಳನ್ನು ಕಳುಹಿಸಿ. ಯಾರ ಮೇಲೆ ಪದ್ಯ ಬರೆದಿದ್ದಾರೋ ಅವರಿಗೆ ಮಕ್ಕಳು ಮೊದಲು ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ಲಕೋಟೆಗೆ ಹಾಕಿ. ಕಾಗುಣಿತ ತಿದ್ದಲು ಕೆಂಪು ಶಾಯಿ ಬಳಸಬೇಡಿ. ಅದನ್ನು ನಾವಿಲ್ಲಿ ಪೆನ್ಸಿಲಿನಿಂದ ತಿದ್ದಿ ಮಕ್ಕಳಿಗೆ ವಾಪಸ್ ತೋರಿಸುತ್ತೇವೆ.