ಕೆಮಿಸ್ಟ್ರಿ ಓದಿದವಳಿಗೆ ಸಂಗೀತದ ಚರಿತ್ರೆ ಯಾಕೆ?

ಪ್ರಶ್ನೆ: ಮಗಳು ಬಿ.ಎಸ್‌ಸಿ. ಕೆಮಿಸ್ಟ್ರಿ ಕೊನೆಯ ವರ್ಷದಲ್ಲಿದ್ದಾಳೆ. ಚಿಕ್ಕಂದಿನಿಂದ ವೀಣೆ ಕಲಿಯುತ್ತಿದ್ದಾಳೆ. ಈಗ ಸಂಗೀತದ ಚರಿತ್ರೆಯಲ್ಲಿ ಸಂಶೋಧನೆ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಓದಿದ ಸೈನ್ಸ್ ಎಲ್ಲ ದಂಡ ಆಗುತ್ತದೆ ಅಲ್ವಾ?
ಒಬ್ಬ ತಾಯಿ, ಹಾಸನ

ಉತ್ತರ: ಇಲ್ಲಮ್ಮ, ಖಂಡಿತ ದಂಡ ಆಗುವುದಿಲ್ಲ. ಮೈಸೂರಿನ ರಾ. ಸತ್ಯನಾರಾಯಣ ಅವರನ್ನೇ ನೋಡಿ. ಶಾರದಾ ವಿಲಾಸ ಕಾಲೇಜಿನಲ್ಲಿ ಅವರು ಹೇಳುತ್ತಿದ್ದದ್ದು ಕೆಮಿಸ್ಟ್ರಿ ಪಾಠ. ಆದರೆ ಸಂಗೀತ, ನೃತ್ಯದ ಹಳೆಯ ಗ್ರಂಥಗಳ ವಿಷಯ ಬಂದರೆ ದೊಡ್ಡ ದೊಡ್ಡ ವಿದ್ವಾಂಸರೂ ಅವರ ಕಡೆ ತಿರುಗುತ್ತಿದ್ದರು. 2018ರಲ್ಲಿ ಪದ್ಮಶ್ರೀ ಬಂತು, 2020ರಲ್ಲಿ ತೀರಿಕೊಂಡರು. ನಮ್ಮ ಶಿವಗಂಗೆ ಬೆಟ್ಟದ ಹತ್ತಿರದ ಸಾತನೂರಿನಿಂದ 16ನೇ ಶತಮಾನದಲ್ಲಿ ಉತ್ತರಕ್ಕೆ ಹೋಗಿ ಖಾನದೇಶದ ಆಸ್ಥಾನ ಸೇರಿದ ಪುಂಡರೀಕ ವಿಠ್ಠಲನ ನೃತ್ಯಶಾಸ್ತ್ರದ ಗ್ರಂಥ ‘ನರ್ತನನಿರ್ಣಯ’ವನ್ನು ಮೂರು ಸಂಪುಟಗಳಲ್ಲಿ ಸಂಪಾದಿಸಿ ಕೊಟ್ಟವರು ಇವರೇ. ಅಂಥ ಕೆಲಸ ಸುಮ್ನೆ ಆಗುವುದಲ್ಲ. ಒಂದೇ ಶ್ಲೋಕ ಒಂದು ಕೈಬರಹದ ಪ್ರತಿಯಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇರುತ್ತದೆ, ಯಾವುದು ಸರಿ ಅಂತ ಅಕ್ಷರ ಅಕ್ಷರ ತಾಳೆ ನೋಡಬೇಕು. ಲ್ಯಾಬಿನಲ್ಲಿ ಮತ್ತೆ ಮತ್ತೆ ಅಳೆದು ನೋಡಿದವರಿಗೆ ಈ ತಾಳ್ಮೆ ಹೊಸದಲ್ಲ.

ಮಗಳಿಗೆ ಒಂದು ಕೆಲಸ ಹೇಳಿ. ವೀಣೆಯ ಮೇರುವಿನಿಂದ (ಬಿರಡೆಗಳ ಕಡೆ ತಂತಿ ಕೂರುವ ಪಟ್ಟಿ) ಕುದುರೆಯವರೆಗೆ (ಕೊಡದ ಮೇಲೆ ತಂತಿಯನ್ನು ಹೊರುವ ಆಸರೆ) ತಂತಿಯನ್ನು ಅಳೆಯಲಿ. ಸುಮಾರು ಅರ್ಧಕ್ಕೆ 12ನೇ ಮನೆ (ತಂತಿಯನ್ನು ಒತ್ತುವ ಮೆಟ್ಟಿಲು), ಅಲ್ಲಿ ಮೇಲಿನ ಷಡ್ಜ, ಅಂದರೆ ‘ಸ’. ಮೇರುವಿನಿಂದ ಮೂರನೇ ಒಂದು ಭಾಗದ ಹತ್ತಿರ 7ನೇ ಮನೆ, ಅಲ್ಲಿ ಪಂಚಮ, ಅಂದರೆ ‘ಪ’. ಆದರೆ ಟೇಪಿನ ಲೆಕ್ಕ ಕೂದಲೆಳೆಯಷ್ಟೂ ತಪ್ಪದೆ ಕೂರುವುದಿಲ್ಲ, ಯಾಕೆಂದರೆ ಬೆರಳು ಒತ್ತಿದಾಗ ತಂತಿ ಬಿಗಿಯಾಗಿ ಸ್ವರ ಸ್ವಲ್ಪ ಏರುತ್ತದೆ. ಅದಕ್ಕೇ ವೀಣೆಗೆ ಮೇಳ ಕಟ್ಟುವವರು ಮೇಣದಲ್ಲಿ ಮನೆ ಕೂರಿಸುವಾಗ ಕಿವಿಯಿಂದ ಕೇಳಿ ಕೇಳಿ ಸರಿಸುತ್ತಾರೆ. ವಿಜಯನಗರದ ರಾಮಾಮಾತ್ಯ 1550ರಲ್ಲೇ ‘ಸ್ವರಮೇಳಕಲಾನಿಧಿ’ಯಲ್ಲಿ ವೀಣೆಯ ಮನೆಗಳನ್ನು ಎಲ್ಲೆಲ್ಲಿ ಕೂರಿಸಬೇಕು ಅಂತ ಬರೆದಿಟ್ಟಿದ್ದಾನೆ. ಗಣಿತ, ಕೈಕೆಲಸ, ಚರಿತ್ರೆ ಮೂರೂ ಆ ಒಂದು ದಂಡಿಯ ಮೇಲೇ ಇವೆ. ಸಿ.ವಿ. ರಾಮನ್ ಅವರೂ ಮೃದಂಗದ ಕರಣೆಯಿಂದ (ಚರ್ಮದ ನಡುವಿನ ಕಪ್ಪು ಲೇಪ) ನಾದ ಹೇಗೆ ಇಂಪಾಗುತ್ತದೆ ಅಂತ 1920ರಲ್ಲೇ ಬರೆದಿದ್ದರು.

ಹೊಟ್ಟೆಪಾಡಿನ ಚಿಂತೆ ನಿಮಗಿರುವುದು ಸಹಜ. ಈ ದಾರಿಯಲ್ಲಿ ಕೆಲಸಗಳು ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಎಂ.ಎಸ್‌ಸಿ. ಮುಗಿಸಲಿ, ಪಾಠ ಹೇಳುವ ಕೆಲಸವೊಂದು ಕೈಯಲ್ಲಿರಲಿ. ಜೊತೆಗೆ ಇವತ್ತಿನಿಂದಲೇ ಸಂಸ್ಕೃತ ಶುರುಮಾಡಲಿ, ಆಮೇಲೆ ಹಳೆಯ ತಾಳೆಗರಿಗಳಲ್ಲಿರುವ ‘ಗ್ರಂಥ’ ಲಿಪಿ, ನಂದಿನಾಗರಿ ಲಿಪಿ. ರಜೆಯಲ್ಲಿ ನೀವೇ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಕರೆದುಕೊಂಡು ಹೋಗಿ. ತಾಳೆಗರಿಯ ಒಂದು ಸಾಲು ಓದೋದು ಎಷ್ಟು ಕಷ್ಟ ಅಂತ ನೋಡಿದ ಮೇಲೂ ಹಟ ಬಿಡದಿದ್ದರೆ, ದಯವಿಟ್ಟು ತಡೆಯಬೇಡಿ.